ಅಪ್‌ಡೇಟ್: ಹಳೇ ಟಿವಿಗೆ ಮೂರು ಡಿವೈಸ್, ಕೊನೆಗೂ ಚಿತ್ರ ಬಂತು

ಡಿವಿಡಿ ಪ್ಲೇಯರ್, ಗೇಮ್ ಕನ್ಸೋಲ್, ಸ್ಟ್ರೀಮಿಂಗ್ ಸ್ಟಿಕ್ ಮೂರನ್ನೂ ರಿಸೀವರ್ (ಎಲ್ಲದರ ಸೌಂಡ್, ಚಿತ್ರ ತಗೊಂಡು ಸ್ಪೀಕರ್‌ಗೂ ಟಿವಿಗೂ ಕಳಿಸೋ ಪೆಟ್ಟಿಗೆ) ಮೂಲಕ ಹಳೇ ಡಬ್ಬಾ ಟಿವಿಗೆ ಹಾಕೋದು ಹೇಗೆ ಅಂತ ಇಲ್ಲಿ ಹಿಂದೆ ಕೇಳಿದ್ದೆ. ಎಲ್ಲದರಲ್ಲೂ ಸೌಂಡ್ ಬರ್ತಿತ್ತು, ಚಿತ್ರ ಮಾತ್ರ ಕನ್ಸೋಲ್‌ದು ಅಷ್ಟೇ.

ನೀವು ಹೇಳಿದ್ದೇ ಸರಿ. ನನ್ನ ರಿಸೀವರ್ ಒಂದು ಬಗೆಯ ವಿಡಿಯೋವನ್ನು ಇನ್ನೊಂದಕ್ಕೆ ಬದಲಾಯಿಸುವುದಿಲ್ಲ. ಕಾಂಪೊನೆಂಟ್‌ನಲ್ಲಿ (ಹಸಿರು, ನೀಲಿ, ಕೆಂಪು ಮೂರು ವೈರ್‌ನ ವಿಡಿಯೋ) ಒಳಗೆ ಹೋದದ್ದು ಕಾಂಪೊನೆಂಟ್‌ನಲ್ಲೇ ಹೊರಗೆ ಬರುತ್ತದೆ. ಡಿವಿಡಿ ಹಾಕಿದ್ದು ಕಾಂಪೊನೆಂಟ್‌ನಲ್ಲಿ, ಆದರೆ ರಿಸೀವರ್‌ನಿಂದ ಟಿವಿಗೆ ಹೋಗ್ತಿದ್ದದ್ದು ಕನ್ಸೋಲ್‌ಗೆ ಹಾಕಿದಂಥದ್ದೇ ಒಂದೇ ಹಳದಿ ವಿಡಿಯೋ ವೈರ್. ಅದಕ್ಕೇ ಡಿವಿಡಿಯನ್ನೂ ಹಳದಿ ಪಿನ್‌ಗೆ ಬದಲಾಯಿಸಿದೆ, ಮುಗೀತು.

ಅದಕ್ಕೂ ಮೊದಲು ಒಂದು ತಮಾಷೆ ಆಯ್ತು. ಸುಮ್ನೆ ನೋಡೋಣ ಅಂತ ಡಿವಿಡಿಯ ಹಸಿರು ಪಿನ್ನನ್ನು ಹಳದಿ ತೂತಿಗೆ ಚುಚ್ಚಿದೆ. ಚಿತ್ರ ಬಂತು, ಆದರೆ ಕಪ್ಪು-ಬಿಳುಪು! ಹಸಿರು ವೈರ್‌ನಲ್ಲಿ ಬರೋದು ಬೆಳಕಿನ ಮಾಹಿತಿ. ಬಣ್ಣಕ್ಕೆ ನೀಲಿ, ಕೆಂಪು ವೈರ್‌ಗಳೂ ಬೇಕಲ್ವಾ.

ಸ್ಟಿಕ್‌ದೇ ಜಾಸ್ತಿ ತಲೆನೋವು. ಅದರಲ್ಲಿರೋದು ಎಚ್‌ಡಿಎಂಐ ಮಾತ್ರ. ಎಚ್‌ಡಿಎಂಐಯಿಂದ ಎವಿಗೆ (ಅದೇ ಹಳದಿ ಪಿನ್‌ನ ಹಳೇ ಬಗೆ) ಬದಲಾಯಿಸುವ ಪುಟ್ಟ ಕನ್ವರ್ಟರ್ ಹಾಕಿದೆ. ಅದಕ್ಕೆ ಯುಎಸ್‌ಬಿ ಪವರ್ ಕೊಡೋದು ಮರೆತು ಅರ್ಧ ಗಂಟೆ ಕಪ್ಪು ಪರದೆ ನೋಡ್ತಾ ಕೂತಿದ್ದೆ. ಈಗ ಚಿತ್ರ ಬರ್ತಿದೆ. ಸಣ್ಣ ಅಕ್ಷರ ಮಸುಕು, ಮುಖಗಳು ಸ್ವಲ್ಪ ಉದ್ದ, ಯಾಕಂದ್ರೆ 16:9 ಚಿತ್ರ 4:3 ಪರದೆಗೆ ಹಿಂಡಿಕೊಂಡಿದೆ. ಸಿನಿಮಾಗೆ ಸಾಕು.