ಲೇಖನ ಓದೋಕೂ ಇಮೇಲ್ ಕೊಡಬೇಕಾ? ನೀವು ಏನು ಮಾಡ್ತೀರಿ?

ಕೆಲವು ಜಾಲತಾಣಗಳು ಎರಡು ಪ್ಯಾರಾ ತೋರಿಸಿ, "ಮುಂದೆ ಓದಲು ನೋಂದಣಿ ಮಾಡಿ" ಅನ್ನುತ್ತವೆ. ಹೀಗೆ ಐದಾರು ಕಡೆ ನನ್ನ ಇಮೇಲ್ ಕೊಟ್ಟೆ. ಈಗ ಇನ್‌ಬಾಕ್ಸ್ ತುಂಬ ಕಸ, ಬೇಕಾದ ಮೇಲ್ ಸಿಗುವುದೇ ಇಲ್ಲ. ನೀವೆಲ್ಲ ಏನು ಮಾಡುತ್ತೀರಿ?

* * *

ನಾನು ಜಿಮೇಲ್ ವಿಳಾಸದಲ್ಲಿ ಅಟ್ ಚಿಹ್ನೆಗೆ ಮೊದಲು ಒಂದು ಪ್ಲಸ್ ಹಾಕಿ, ಆ ತಾಣದ ಗುರುತು ಸೇರಿಸುತ್ತೇನೆ. "ಹೆಸರು+ಫೋಟೋ" ಅನ್ನುವ ಹಾಗೆ, ಇಂಗ್ಲಿಷ್ ಅಕ್ಷರದಲ್ಲಿ. ಹೊಸ ಖಾತೆ ಬೇಡ, ಮೇಲ್ ನನಗೇ ಬರುತ್ತದೆ. ಆ ಗುರುತಿಗೆ ಫಿಲ್ಟರ್ ಇಟ್ಟರೆ ನೇರ ಬೇರೆ ಲೇಬಲ್‌ಗೆ ಹೋಗುತ್ತದೆ. ಇದರ ನಿಜವಾದ ಮಜಾ ಬೇರೆ. ಒಂದು ಸಲ ಫೋಟೋಗ್ರಫಿ ಲೇಖನಕ್ಕೆ ಅಂತ ಕೊಟ್ಟಿದ್ದ ವಿಳಾಸಕ್ಕೆ ಸಾಲ ಕೊಡುತ್ತೇವೆ ಅಂತ ಮೇಲ್ ಬಂತು. ಆ ವಿಳಾಸವನ್ನು ನಾನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಎಲ್ಲಿಂದ ಸೋರಿತು ಅಂತ ಕೇಳಬೇಕಾಗಿಯೇ ಇರಲಿಲ್ಲ, ಅಲ್ವಾ?

ಆದರೆ ಕೆಲವು ಫಾರಂಗಳು ಪ್ಲಸ್ ಒಪ್ಪುವುದಿಲ್ಲ. ಪ್ಲಸ್ ಭಾಗ ಕತ್ತರಿಸಿದರೆ ಅಸಲಿ ವಿಳಾಸ ಸಿಗುತ್ತದೆ ಅನ್ನುವುದು ಸ್ಪ್ಯಾಮ್ ಕಳಿಸುವವರಿಗೂ ಗೊತ್ತು.

* * *

ಒಂದೇ ಲೇಖನ ಓದಿ ಬಿಡುವುದಾದರೆ ಮೇಲಿನೇಟರ್ ತರಹದ ತಾತ್ಕಾಲಿಕ ಇಮೇಲ್ ಸಾಕು. ನಾನು ಒಂದು ಕಡೆ ಸ್ವಲ್ಪ ಹೊತ್ತಲ್ಲೇ ಅಳಿಸಿಹೋಗುವ ಅಂಥದ್ದೊಂದು ವಿಳಾಸ ಕೊಟ್ಟು, ಆಮೇಲೆ ದುಡ್ಡು ಕಟ್ಟಿ ಚಂದಾದಾರನೂ ಆದೆ! ಪಾಸ್‌ವರ್ಡ್ ಮರೆತಾಗ ರೀಸೆಟ್ ಮೇಲ್ ಹೋಗುವ ಇನ್‌ಬಾಕ್ಸೇ ಇರಲಿಲ್ಲ. ಇನ್ನೊಂದು, ಮೇಲಿನೇಟರ್‌ನ ಉಚಿತ ಇನ್‌ಬಾಕ್ಸ್‌ಗೆ ಬೀಗ ಇಲ್ಲ. ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ತೆಗೆದು ಓದಬಹುದು.

* * *

ಅದಕ್ಕೇ ನಾನು ಮುಖವಾಡದ ವಿಳಾಸಕ್ಕೆ, ಅಂದರೆ ಅಸಲಿ ವಿಳಾಸ ಮುಚ್ಚಿಡುವ ಬದಲಿ ವಿಳಾಸಕ್ಕೆ ಬಂದೆ. ಅಂಥದ್ದನ್ನು ಮಾಡಿಕೊಡುವ ಫೈರ್‌ಫಾಕ್ಸ್ ರಿಲೇಯಲ್ಲಿ ಐದು ವಿಳಾಸ ಉಚಿತ. ಡಕ್‌ಡಕ್‌ಗೋ ಕೂಡ ಕೊಡುತ್ತದೆ. ಆಪಲ್‌ನ ಹೈಡ್ ಮೈ ಇಮೇಲ್‌ನಲ್ಲಿ ಬೇಕಾದಾಗಲೆಲ್ಲ ಹೊಸದು ಮಾಡಿಕೊಳ್ಳಲು ಐಕ್ಲೌಡ್ ಪ್ಲಸ್ ಚಂದಾ ಬೇಕು. ಮೇಲ್ ನಮ್ಮ ಅಸಲಿ ವಿಳಾಸಕ್ಕೇ ಬರುತ್ತದೆ, ಆದರೆ ಆ ವಿಳಾಸ ತಾಣಕ್ಕೆ ಕಾಣುವುದಿಲ್ಲ. ಕಾಟ ಜಾಸ್ತಿಯಾದರೆ ಆ ಒಂದು ಮುಖವಾಡ ಆಫ್ ಮಾಡಿದರೆ ಮುಗಿಯಿತು.

"ಗೂಗಲ್ ಮೂಲಕ ಲಾಗಿನ್" ಸುಲಭ ಅಂತ ಒತ್ತಬೇಡಿ. ಅದರಿಂದ ನಿಮ್ಮ ಅಸಲಿ ಇಮೇಲೇ ಅವರ ಕೈಗೆ ಹೋಗುತ್ತದೆ.

* * *

ಇವೆಲ್ಲ ಮುಂದಿನ ಮಾತು. ಈಗಾಗಲೇ ತುಂಬಿದ ಇನ್‌ಬಾಕ್ಸ್‌ಗೆ? ನೀವೇ ನೋಂದಾಯಿಸಿದ ತಾಣವಾದರೆ ಧೈರ್ಯವಾಗಿ ಅನ್‌ಸಬ್‌ಸ್ಕ್ರೈಬ್ ಒತ್ತಿ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಪ್ರಚಾರದ ಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿನಲ್ಲಿ ಬಿಡಿಸಿಕೊಳ್ಳುವ ದಾರಿ ಇಡಲೇಬೇಕು ಅಂತ 2024ರಲ್ಲಿ ಜಿಮೇಲ್ ನಿಯಮ ತಂದಿದೆ. ಹೆಸರೇ ಕೇಳದವರ ಮೇಲ್ ಆದರೆ ಒಳಗಿನ ಯಾವ ಲಿಂಕನ್ನೂ ಮುಟ್ಟಬೇಡಿ, ಸುಮ್ನೆ ಸ್ಪ್ಯಾಮ್ ಅಂತ ಗುರುತು ಹಾಕಿ. ಒತ್ತಿದರೆ ಈ ವಿಳಾಸ ಜೀವಂತ ಇದೆ ಅಂತ ನಾವೇ ಹೇಳಿದ ಹಾಗೆ. ಚಿತ್ರಗಳು ತಾನಾಗಿ ತೆರೆಯದ ಹಾಗೆ ಸೆಟ್ಟಿಂಗ್‌ನಲ್ಲಿ ಬದಲಿಸಿ. ಕಣ್ಣಿಗೆ ಕಾಣದ ಪುಟ್ಟ ಚಿತ್ರ ಇಟ್ಟು, ಮೇಲ್ ತೆರೆದಿರಾ ಅಂತ ನೋಡುವವರಿದ್ದಾರೆ.

* * *

ಪ್ರಶ್ನೆ ಕೇಳಿದ್ದು ನಾನೇ. ರಿಲೇಯಲ್ಲಿ ಎರಡು ಮುಖವಾಡ ಮಾಡಿಕೊಂಡೆ, ಥ್ಯಾಂಕ್ಸ್. ಇಮೇಲ್ ಬಿಟ್ಟು ಫೋನ್ ನಂಬರೇ ಕೇಳಿದರೆ?

* * *

ನಾನಂತೂ ಟ್ಯಾಬ್ ಮುಚ್ಚುತ್ತೇನೆ. ಅದೇ ಸುದ್ದಿ ಇನ್ನೆಲ್ಲೋ ಸಿಕ್ಕೇ ಸಿಗುತ್ತದೆ.