ಜಿಮ್ನಿಗೆ ರಾಕ್ ಸ್ಲೈಡರ್: ಯಾವ ಪೈಪು, ಎಷ್ಟು ದಪ್ಪ?

ಹೆಬ್ರಿ_ತೋಟ:

ನಮಸ್ಕಾರ ಎಲ್ಲರಿಗೂ. ನನ್ನದು ಐದು ಬಾಗಿಲಿನ ಜಿಮ್ನಿ. ಹೆಬ್ರಿಯಿಂದ ಒಳಗೆ ನಮ್ಮ ಅಡಿಕೆ ತೋಟ. ಡಾಂಬರು ಮುಗಿದ ಮೇಲೆ ಒಂದು ಧರೆ ಇಳಿದು, ತೋಡು ದಾಟಿ, ಪಾದೆ ಹತ್ತಿ ಮನೆ ಸೇರಬೇಕು. ಮುರಕಲ್ಲಿನ ದಾರಿಯಲ್ಲಿ ಏನೂ ಕಷ್ಟ ಇಲ್ಲ. ತೋಡಿನ ಆಚೆ ಬದಿಯಲ್ಲಿ ಕರಿಕಲ್ಲಿನ ಒಂದು ದಿಣ್ಣೆ ಉಂಟು, ಅದರದ್ದೇ ಕಿರಿಕಿರಿ. ಮುಂದಿನ ಚಕ್ರ ಹತ್ತಿ ಇಳಿದ ಕೂಡಲೇ ಡ್ರೈವರ್ ಬಾಗಿಲಿನ ಅಡಿಯಲ್ಲಿ ಕರ್ರ್ ಅಂತ ಸದ್ದು. ಸಿಲ್‌ನ (ಬಾಗಿಲಿನ ಕೆಳಗಿನ ಬಾಡಿಯ ಪಟ್ಟಿ) ಅಂಚು ಒಂದು ಗೇಣು ಉದ್ದಕ್ಕೆ ಮಡಚಿದೆ. ಬಣ್ಣ ಎದ್ದು ಹೋದ ಕಡೆ ತುಕ್ಕು ಹಿಡಿಯಲು ಶುರುವಾಗಿದೆ.

ಹಾಗಾಗಿ ರಾಕ್ ಸ್ಲೈಡರ್, ಅಂದರೆ ಸಿಲ್ ಕಲ್ಲಿಗೆ ತಾಗದ ಹಾಗೆ ಬದಿಗೆ ಹಾಕುವ ಗಟ್ಟಿ ಪೈಪು, ಹಾಕಿಸುವ ಅಂತ. ಆನ್‌ಲೈನಿನಲ್ಲಿ ಹುಡುಕಿದರೆ ಮುಕ್ಕಾಲು ಪಾಲು ಬರೀ ಫುಟ್‌ಸ್ಟೆಪ್, ಹೆಸರು ಮಾತ್ರ ಸ್ಲೈಡರ್. ಊರಲ್ಲೇ ಮಾಡಿಸಿದರೆ ಅದರ ಅರ್ಧ ದುಡ್ಡಿಗೆ ಆಗ್ತದೆ ಅಂತಾರೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಒಬ್ಬರು ಸೀಮ್‌ಲೆಸ್ (ಬೆಸುಗೆಯ ಗೆರೆ ಇಲ್ಲದ) ಪೈಪೇ ಆಗಬೇಕು ಅಂದರು. ಇನ್ನೊಬ್ಬರು ಸಾಧಾರಣ ಇಆರ್‌ಡಬ್ಲ್ಯೂ (ತಗಡು ಸುತ್ತಿ ಉದ್ದಕ್ಕೆ ಬೆಸೆದ ಪೈಪು) ಸಾಕು ಅಂದರು. ಭಾವ ಹೇಳ್ತಾನೆ, ಕರಾವಳಿ ಅಲ್ವಾ, ಸ್ಟೇನ್‌ಲೆಸ್ ಸ್ಟೀಲ್ ಹಾಕಿಸು, ಗೇಟಿನ ಹಾಗೆ ಹೊಳೀತಾ ಇರ್ತದೆ ಅಂತ. ದಪ್ಪ 3 ಮಿ.ಮೀ. ಬೇಕಾ 4 ಬೇಕಾ? ಉರುಟು ಪೈಪಾ, ಚೌಕದ ಬಾಕ್ಸ್ ಪೈಪಾ? ಅಮ್ಮನಿಗೆ ಮಂಡಿ ನೋವು, ಹತ್ತಿ ಇಳಿಯಲಿಕ್ಕೂ ಅದರ ಮೇಲೆ ಕಾಲಿಡುವ ಹಾಗಿರಬೇಕು.

ಥಾರ್_ಮಣಿಪಾಲ:

ಸೀಮ್‌ಲೆಸ್ ಅಥವಾ ಸಿಡಿಡಬ್ಲ್ಯೂ ಬಿಟ್ಟು ಬೇರೆ ಯೋಚನೆಯೇ ಬೇಡ ಬ್ರೋ. ಸಿಡಿಡಬ್ಲ್ಯೂ ಅಂದರೆ ವೆಲ್ಡ್ ಆದ ಪೈಪನ್ನು ತಣ್ಣಗೇ ಎಳೆದು ಅಳತೆಗೆ ತಂದದ್ದು. ಗಟ್ಟಿ ಜಾಸ್ತಿ, ಗೋಡೆ ಸುತ್ತಲೂ ಒಂದೇ ಸಮ. ರೋಲ್ ಕೇಜಿಗೆ (ಗಾಡಿ ಮಗುಚಿದರೆ ಒಳಗಿನವರನ್ನು ಕಾಯುವ ಪೈಪಿನ ಗೂಡು) ಅದನ್ನೇ ಹಾಕುವುದು. ಇಆರ್‌ಡಬ್ಲ್ಯೂ ಪೈಪು ಸೀಮಿನಲ್ಲಿ, ಅಂದರೆ ಬೆಸುಗೆಯ ಗೆರೆಯಲ್ಲಿ, ಸೀಳ್ತದೆ. ದಪ್ಪ 4ಕ್ಕಿಂತ ಕಡಿಮೆ ಮಾಡ್ಬೇಡಿ. ಒಂದು ಸಲ ಖರ್ಚು ಮಾಡಿ ಸುಮ್ನೆ ಇದ್ದುಬಿಡಿ.

ಬೈಕಂಪಾಡಿ_ಶೆಡ್:

ರೋಲ್ ಕೇಜಿಗಾದರೆ ಮಣಿಪಾಲದವರ ಮಾತು ಸರಿ. ಅದು ತಲೆ ಉಳಿಸುವ ಸಾಮಾನು. ಸ್ಲೈಡರಿಗೆ ಅಷ್ಟೆಲ್ಲ ಬೇಡ ಮಾರಾಯ್ರೆ.

ಬೈಕಂಪಾಡಿಯಲ್ಲಿ ಫ್ಯಾಬ್ರಿಕೇಶನ್ ಶೆಡ್ ಉಂಟು ನನ್ನದು. ಅದಕ್ಕೆ ಮೊದಲು ಮಲ್ಪೆಯಲ್ಲಿ ಸ್ಟೀಲ್ ಬೋಟಿನ ಕೆಲಸದಲ್ಲಿದ್ದವ. ಹಾಳಾದ ಸ್ಲೈಡರ್ ಶೆಡ್ಡಿಗೆ ಬರ್ತಾ ಇರ್ತದೆ. ಪೈಪಿನ ಸೀಮು ಸೀಳಿ ಬಂದದ್ದನ್ನು ನಾನು ನೋಡಿಲ್ಲ. ಸ್ಲೈಡರನ್ನು ಹೊರುವ ಕಾಲು ಚಾಸಿಸ್‌ಗೆ ಕೂರುವಲ್ಲಿ ಪ್ಲೇಟು ಬಗ್ಗಿರ್ತದೆ, ಇಲ್ಲವಾದರೆ ಕಾಲಿನ ಬುಡದಲ್ಲಿ ವೆಲ್ಡಿಂಗ್ ಬಾಯಿ ಬಿಟ್ಟಿರ್ತದೆ. ಹಾಗಾಗಿ ನೀವು ಪೈಪಿನ ಅಂಗಡಿಗೆ ಹೋಗುವ ಮೊದಲು ಗಾಡಿಯ ಅಡಿಗೆ ಮಲಗಿ ಒಮ್ಮೆ ನೋಡಿ.

ಜಿಮ್ನಿಗೆ ಲ್ಯಾಡರ್ ಚಾಸಿಸ್, ಅಂದರೆ ಏಣಿಯ ಹಾಗಿರುವ ಬೇರೆಯೇ ಚೌಕಟ್ಟು. ಬಾಡಿ ಅದರ ಮೇಲೆ ರಬ್ಬರ್ ಬುಷ್ ಇಟ್ಟು ಕೂತಿದೆ. ಸ್ಲೈಡರ್ ನಿಲ್ಲಬೇಕಾದದ್ದು ಚಾಸಿಸ್ ಮೇಲೆ. ಸಿಲ್‌ನ ಅಂಚಿಗೆ ಅಥವಾ ಬಾಡಿಯ ತಗಡಿಗೆ ಬೋಲ್ಟ್ ಮಾಡಿದ್ದು ಕಾಲಿಟ್ಟು ಹತ್ತಲಿಕ್ಕೆ ಆಯಿತು, ಕಲ್ಲಿಗೆ ಆಗುವುದಿಲ್ಲ. ನೀವು ಆನ್‌ಲೈನಿನಲ್ಲಿ ನೋಡಿದ್ದು ಅದೇ ಇರಬೇಕು. ಗಾಡಿ ಸುಮಾರು 1200 ಕೆಜಿ. ದಿಣ್ಣೆಯ ಮೇಲೆ ಕೂತಾಗ ಅದರ ಅರ್ಧ ಭಾರ ಒಂದೇ ಬದಿಗೆ ಬರಬಹುದು, ಅದೂ ಮೇಲಿಂದ ಬಿದ್ದ ಏಟಿನ ಜೊತೆ. ಆ ಭಾರ ಕಾಲುಗಳ ಮೂಲಕ ಚಾಸಿಸ್‌ಗೆ ಹೋಗಬೇಕು.

ಬದಿಗೆ ಕನಿಷ್ಠ ಮೂರು ಕಾಲು, ನಾಲ್ಕಾದರೆ ಒಳ್ಳೆಯದು. ಪ್ರತಿ ಕಾಲಿನ ಬುಡಕ್ಕೆ 6 ಮಿ.ಮೀ. ಪ್ಲೇಟು. ಅದು ಚಾಸಿಸ್‌ನ ಬದಿಯ ಗೋಡೆಗೆ ಅಂಗೈ ಅಗಲ ಆದರೂ ತಾಗಿ ಕೂರಬೇಕು, ಭಾರ ಹಂಚಿಹೋಗಲಿಕ್ಕೆ. ಕಾಲಿನ ಕೆಳಗೆ ಆಸರೆಗೆ ತ್ರಿಕೋನದ ತುಂಡು (ಗಸೆಟ್). ಬೋಲ್ಟ್ 8.8 ಗ್ರೇಡಿನದ್ದು, ತಲೆಯ ಮೇಲೆ ಅಚ್ಚು ಇರ್ತದೆ, ನೋಡಿ ತಗೊಳ್ಳಿ. ಅಲುಗಾಟಕ್ಕೆ ಸಡಿಲ ಆಗದ ನೈಲಾಕ್ ನಟ್ಟು. ಚಾಸಿಸ್‌ಗೆ ವೆಲ್ಡ್ ಮಾಡಲಿಕ್ಕೆ ಯಾರು ಹೇಳಿದರೂ ಬಿಡಬೇಡಿ. ವಾರಂಟಿ ಹೋಗುವುದು ಒಂದು ಕಡೆ. ಅದೇ ಸಾಲಿನಲ್ಲಿ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಹೋಗ್ತದೆ, ಅಲ್ಲಿ ಬೆಂಕಿ ಹಿಡಿದು ಆಟ ಆಡುವುದು ಯಾಕೆ?

ಸ್ಲೈಡರಿಗೂ ಸಿಲ್‌ಗೂ ನಡುವೆ ಒಂದು ಬೆರಳು ಹೋಗುವಷ್ಟು ಸಂದು ಬಿಡಿ. ಬಾಡಿ ರಬ್ಬರಿನ ಮೇಲೆ ಅಲ್ಲಾಡ್ತದೆ, ಚಾಸಿಸ್ ತಿರುಚುತ್ತದೆ. ಸಂದು ಇಲ್ಲದಿದ್ದರೆ ಸ್ಲೈಡರೇ ಸಿಲ್ಲನ್ನು ತಿನ್ನುತ್ತದೆ. ಹಾಗಂತ ತುಂಬ ಕೆಳಗೆ ಇಳಿಸಬೇಡಿ. ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ 2590 ಮಿ.ಮೀ., ನೆಲದಿಂದ ಎತ್ತರ 210, ನಡುಹೊಟ್ಟೆಯ ಕೋನ (ಹೊಟ್ಟೆ ತಾಗದೆ ದಾಟಬಹುದಾದ ದಿಣ್ಣೆಯ ಚೂಪು) 24 ಡಿಗ್ರಿ. ಮೂರು ಬಾಗಿಲಿನ ಥಾರ್‌ಗೆ 27. ಅದಕ್ಕೇ ಮಣಿಪಾಲದವರು ದಾಟುವ ದಿಣ್ಣೆಯಲ್ಲಿ ನಿಮ್ಮದು ಕೂರುವುದು. ಕಾಲು ಚಾಸಿಸ್‌ನಿಂದ ಹೊರಗೆ ಬರ್ತಾ ಸ್ವಲ್ಪ ಮೇಲಕ್ಕೆ ಏರಬೇಕು. ಆಗ ಪೈಪು ಸಿಲ್‌ನ ಅಡಿ ಸೇರಿಕೊಳ್ತದೆ, ಎತ್ತರ ಜಾಸ್ತಿ ಹೋಗುವುದಿಲ್ಲ.

ಈಗ ಪೈಪು. ಅಂಗಡಿಯಲ್ಲಿ ಒಂದೂವರೆ ಇಂಚು ಅಂತ ಕೇಳಿದರೆ ಎರಡು ಬೇರೆ ಬೇರೆ ಸಾಮಾನು ಸಿಗ್ತದೆ. ಐಎಸ್ 1239 (ಉಕ್ಕಿನ ಪೈಪಿನ ಭಾರತೀಯ ಮಾನದಂಡ) ಪೈಪಾದರೆ ಹೊರ ಅಳತೆ 48.3 ಮಿ.ಮೀ. ರೇಲಿಂಗ್, ಫರ್ನಿಚರಿನ ಟ್ಯೂಬಾದರೆ 38. ನಿಮಗೆ ಬೇಕಾದದ್ದು ಮೊದಲನೆಯದು, ಕಪ್ಪು ಎಂಎಸ್ (ಸಾದಾ ಮೈಲ್ಡ್ ಸ್ಟೀಲ್), ಗ್ಯಾಲ್ವನೈಸ್ ಅಲ್ಲ. ಪೈಪಿಗೆ ಬಣ್ಣದ ಪಟ್ಟಿ ಬಳಿದಿರ್ತಾರೆ. ಹಳದಿ ಲೈಟು, ನೀಲಿ ಮೀಡಿಯಂ, ಕೆಂಪು ಹೆವಿ. ಈ ಅಳತೆಯಲ್ಲಿ ನೀಲಿ ಅಂದರೆ ಗೋಡೆ 3.2 ಮಿ.ಮೀ., ಕೆಂಪು ಅಂದರೆ 4. ಹಳದಿಯನ್ನು ಮುಟ್ಟಬೇಡಿ. ಪಟ್ಟಿ ಅಳಿಸಿ ಹೋಗಿದ್ದರೆ ವರ್ನಿಯರ್ ತಗೊಂಡು ಹೋಗಿ ಪೈಪಿನ ಬಾಯಿಯಲ್ಲಿ ಗೋಡೆ ಅಳೆಯಿರಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ದಪ್ಪ ಜಾಸ್ತಿ ಮಾಡುವುದಕ್ಕಿಂತ ಪೈಪಿನ ಅಗಲ ಜಾಸ್ತಿ ಮಾಡಿದರೆ ಲಾಭ ಹೆಚ್ಚು. ಒಂದೂಕಾಲು ಇಂಚಿನ ಪೈಪು 42.4 ಮಿ.ಮೀ. ಅದರಿಂದ 48.3ಕ್ಕೆ ಹೋದರೆ, ಗೋಡೆ 3.2 ಇಟ್ಟುಕೊಂಡು, ತೂಕ ಏರುವುದು ನೂರಕ್ಕೆ 15. ಬಾಗದೆ ತಡೆಯುವ ಶಕ್ತಿ ಏರುವುದು ಮೂರನೇ ಒಂದು ಪಾಲು. ಅದೇ 48.3ರಲ್ಲಿ 3.2ರಿಂದ 4ಕ್ಕೆ ಹೋದರೆ ತೂಕ ನೂರಕ್ಕೆ 23 ಏರ್ತದೆ, ಶಕ್ತಿ 20 ಕೂಡ ಏರುವುದಿಲ್ಲ. ಆದರೆ ಚೂಪು ಕಲ್ಲು ಒಂದೇ ಕಡೆ ಕುಟ್ಟಿದರೆ ಪೈಪು ತಗ್ಗು ಬೀಳದಂತೆ ತಡೆಯುವುದು ಗೋಡೆಯ ದಪ್ಪವೇ. ನಿಮ್ಮದು ಕರಿಕಲ್ಲು ಅಂದಿರಿ. ನಾನಾದರೆ ಸಿಲ್‌ನ ಅಡಿಯ ಮುಖ್ಯ ಪೈಪು ಕೆಂಪು ಪಟ್ಟಿಯದ್ದು, ಅದರ ಹೊರಬದಿಗೆ ಜೊತೆಯಾಗಿ ಹೋಗುವ ಎರಡನೇ ಪೈಪು ಮತ್ತು ಕಾಲುಗಳು ನೀಲಿ ಪಟ್ಟಿಯದ್ದು ಹಾಕ್ತೇನೆ. ಪೂರ್ತಿ 4 ಹಾಕಿದರೆ ಎರಡೂ ಬದಿ ಸೇರಿ ಕೆಲವು ಕೆಜಿ ಸುಮ್ನೆ ಜಾಸ್ತಿ. ಜೋಡಿ ಹೇಗೂ 40 ಕೆಜಿ ಹತ್ತಿರ ಬರ್ತದೆ. ಜಿಮ್ನಿಗೆ ಒಟ್ಟು ಅನುಮತಿ 1545 ಕೆಜಿ. ನಾಲ್ಕು ಜನ ಕೂತು ಹಿಂದೆ ಎರಡು ಮೂಟೆ ಗೊಬ್ಬರ ಹಾಕಿದರೆ ಅಲ್ಲಿಗೆ ಮುಗೀತು.

ಬಾಕ್ಸ್ ಕೆಟ್ಟದ್ದಲ್ಲ. 60ಕ್ಕೆ 40 ಮಿ.ಮೀ.ನ ಬಾಕ್ಸಿಗೆ ಕಾಲು ಕೂರಿಸಲು ಸುಲಭ, ಸೀದಾ ಕತ್ತರಿಸಿ ಇಟ್ಟರೆ ಆಯಿತು. ಪೈಪಿಗೆ ಪೈಪು ಕೂರಿಸುವಾಗ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆಯಬೇಕು. ಕೆಲವರು ಸೋಮಾರಿತನಕ್ಕೆ ನೇರ ಕತ್ತರಿಸಿ ಸಂದಿಗೆ ವೆಲ್ಡಿಂಗ್ ತುಂಬಿಸ್ತಾರೆ. ಅಲ್ಲೇ ಬಾಯಿ ಬಿಡುವುದು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಹಾಗಾಗಿ ವೆಲ್ಡ್ ಮಾಡುವ ಮೊದಲು ಹೋಗಿ ನೋಡಿ. ಸಂದಿನಲ್ಲಿ ಉಗುರು ಹೋಗಬಾರದು.

ಬಗ್ಗಿಸುವಾಗ ಇಆರ್‌ಡಬ್ಲ್ಯೂ ಸೀಮು ಎಲ್ಲಿ ಬರ್ತದೆ ಅಂತ ನೋಡಬೇಕು. ಪೈಪಿನ ಬಾಯಿಯೊಳಗೆ ಬೆರಳು ಹಾಕಿ ಸವರಿದರೆ ಉಬ್ಬಿದ ಗೆರೆ ಕೈಗೆ ಸಿಗ್ತದೆ. ಆ ಗೆರೆ ಬಾಗಿನ ಹೊರಗೂ ಬೇಡ, ಒಳಗೂ ಬೇಡ, ಬದಿಗೆ ಬರಲಿ. ಅಲ್ಲಿ ಎಳೆತವೂ ಇಲ್ಲ, ಒತ್ತಡವೂ ಇಲ್ಲ. ಸೀಮು ಸೀಳ್ತದೆ ಅನ್ನುವ ಹೆದರಿಕೆಗೆ ಮದ್ದು ಇಷ್ಟೇ.

ಕಾರ್ಕಳ_ಜಿಪ್ಸಿ:

ಶೆಡ್ಡಿನವರು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸ್ತೇನೆ. ನಾನು ಹಳೇ ಜಿಪ್ಸಿ ಓಡಿಸುವವಳು, ಸೀರೆ ಉಟ್ಟೂ ಓಡಿಸ್ತೇನೆ. ಮೇಲೆ ಬರೇ ಉರುಟು ಪೈಪು ಬಿಡಬೇಡಿ. ಮಳೆಗಾಲದಲ್ಲಿ ಕೆಸರು ಚಪ್ಪಲಿಯಲ್ಲಿ ಅದರ ಮೇಲೆ ಕಾಲಿಟ್ಟರೆ ಜಾರಿ ಮೊಣಕಾಲಿನ ಚಿಪ್ಪೇ ಹೋಗ್ತದೆ. ಎರಡು ಪೈಪಿನ ನಡುವೆ ತೂತು ಇರುವ ಜಾಲರಿ ಪ್ಲೇಟು ಹಾಕಿಸಿ. ಚೆಕರ್ಡ್ ಪ್ಲೇಟಿನ ಮೇಲೆ ಮಣ್ಣು ಹೆಪ್ಪುಗಟ್ಟಿ ಕೂತು ನೀರು ಹಿಡಿದಿಟ್ಟುಕೊಳ್ತದೆ. ಜಾಲರಿಯಾದರೆ ಕೆಳಗೆ ಬಿದ್ದು ಹೋಗ್ತದೆ.

ಮತ್ತೆ ಹಿಂದಿನ ತುದಿಯನ್ನು ಸ್ವಲ್ಪ ಹೊರಗೆ ತಿರುಗಿಸಲು ಹೇಳಿ. ತೋಟದ ತಿರುವಿನಲ್ಲಿ ಅಡಿಕೆ ಮರ ಹಿಂದಿನ ಬಾಗಿಲಿಗೆ ಬರುವ ಮೊದಲು ಪೈಪಿಗೆ ತಾಗಿ ಗಾಡಿ ಆಚೆ ಸರೀತದೆ. ತುಂಬ ಹೊರಗೆ ಬೇಡ, ಟೈರಿನ ಸಾಲು ಮೀರಬಾರದು. ಉಡುಪಿಯಲ್ಲಿ ರಥಬೀದಿ ಹತ್ತಿರ ಪಾರ್ಕ್ ಮಾಡಿದರೆ ದಾರಿಯಲ್ಲಿ ಹೋಗುವವರ ಕಾಲಿಗೆ ಅದೇ ಬಡಿಯುವುದು.

ಹೆಬ್ರಿ_ತೋಟ:

ಥ್ಯಾಂಕ್ಸ್ ಅಣ್ಣ, ಥ್ಯಾಂಕ್ಸ್ ಅಕ್ಕ. ನಿನ್ನೆ ಗಾಡಿಯ ಅಡಿಗೆ ಟಾರ್ಚು ಹಿಡಿದುಕೊಂಡು ನುಸುಳಿದೆ. ಒಂದು ಬದಿ ಚಾಸಿಸ್‌ಗೆ ಒತ್ತಿಕೊಂಡು ಪೈಪುಗಳು ಹೋಗಿವೆ, ನೀವು ಹೇಳಿದ ಹಾಗೆ. ಇನ್ನು ಉಳಿದದ್ದು ತುಕ್ಕು. ಭಾವ ಸ್ಟೇನ್‌ಲೆಸ್ ಬಿಡ್ತಾ ಇಲ್ಲ. ಅದು ಬೇಡವಾದರೆ ಜಿಐ (ಗ್ಯಾಲ್ವನೈಸ್, ಅಂದರೆ ಜಿಂಕ್ ಲೇಪದ) ಪೈಪು ಯಾಕೆ ಬೇಡ ಅಂತ ಕೇಳ್ತಾನೆ. ಪೌಡರ್ ಕೋಟಿಂಗ್ ಮಾಡಿಸಿದರೆ ಸಾಕಾ?

ಬೈಕಂಪಾಡಿ_ಶೆಡ್:

ಭಾವನಿಗೆ ಹೇಳಿ, ಗೇಟಿನ ಸ್ಟೇನ್‌ಲೆಸ್ ಪೈಪಿನ ಗೋಡೆ ಒಂದೂವರೆ ಮಿ.ಮೀ. ಇದ್ದರೆ ಹೆಚ್ಚು. ಕಲ್ಲಿನ ಮೇಲೆ ಕೂತರೆ ಚಪ್ಪಟೆ. ದಪ್ಪದ್ದು ತಂದರೆ ದುಡ್ಡು ಎಲ್ಲಿಗೋ ಹೋಗ್ತದೆ, ಗಟ್ಟಿತನದಲ್ಲಿ ಎಂಎಸ್‌ಗಿಂತ ದೊಡ್ಡ ಲಾಭ ಇಲ್ಲ. ಮತ್ತೆ 304 ಗ್ರೇಡು ಕಡಲ ಗಾಳಿಗೆ ಕಂದು ಕಲೆ ಹಿಡೀತದೆ. ಮಲ್ಪೆ, ಪಣಂಬೂರು ಕಡೆ ಯಾವ ಮನೆಯ ಗೇಟು ಬೇಕಾದರೂ ನೋಡಿ. ಅದನ್ನು ಎಂಎಸ್ ಪ್ಲೇಟಿಗೆ ಸೇರಿಸಲು 309 ಗ್ರೇಡಿನ ವೆಲ್ಡಿಂಗ್ ರಾಡು ಬೇಕು, ಸೇರಿಸಿದ ಜಾಗದಲ್ಲಿ ಉಪ್ಪುನೀರು ಕೂತರೆ ಎಂಎಸ್ ಬದಿ ಬೇಗ ತಿಂದು ಹೋಗ್ತದೆ.

ಜಿಐ ಪೈಪನ್ನು ವೆಲ್ಡ್ ಮಾಡಿದರೆ ಜಿಂಕ್ ಸುಟ್ಟು ಬಿಳಿ ಹೊಗೆ ಏಳ್ತದೆ. ಅದನ್ನು ಉಸಿರಾಡಿದ ಹುಡುಗನಿಗೆ ಸಂಜೆ ಚಳಿ ಜ್ವರ. ಹಾಲು ಕುಡಿದರೆ ಸರಿ ಆಗ್ತದೆ ಅಂತ ಎಲ್ಲ ಶೆಡ್ಡಿನಲ್ಲೂ ಹೇಳ್ತಾರೆ, ಅದೆಲ್ಲ ಸುಮ್ನೆ. ಹೊಗೆ ಕುಡಿಯದೆ ಇರುವುದೇ ಮದ್ದು. ಅಷ್ಟು ಮಾಡಿಯೂ ಬೆಸುಗೆ ಹಾಕಿದಲ್ಲಿ ಜಿಂಕ್ ಹೋಗಿರ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ.

ಪೌಡರ್ ಕೋಟಿಂಗ್ ನೋಡಲಿಕ್ಕೆ ಚಂದ. ಸ್ಲೈಡರ್ ಇರುವುದೇ ಕಲ್ಲಿಗೆ ಉಜ್ಜಲಿಕ್ಕೆ ಅಲ್ವಾ? ಒಂದು ಕಡೆ ಚಕ್ಕೆ ಎದ್ದರೆ ನೀರು ಅದರ ಅಡಿಗೆ ನುಗ್ಗಿ, ಹೊರಗೆ ಕಾಣದ ಹಾಗೆ ತುಕ್ಕು ಹರಡ್ತದೆ. ಎಪಾಕ್ಸಿ ಪ್ರೈಮರ್, ಅದರ ಮೇಲೆ ಸಾದಾ ಕಪ್ಪು ಪಿಯು (ಪಾಲಿಯುರೆಥೇನ್) ಪೇಂಟು ಹಾಕಿಸಿ. ಉಜ್ಜಿ ಹೋದ ಕಡೆ ಮನೆಯಲ್ಲೇ ಸ್ಯಾಂಡ್‌ಪೇಪರ್ ಹಾಕಿ ಬ್ರಷ್‌ನಲ್ಲಿ ಬಳಿಯಬಹುದು. ವರ್ಷಕ್ಕೆ 3500 ಮಿ.ಮೀ. ಮೀರಿ ಮಳೆ ಬೀಳುವ ಊರಿನಲ್ಲಿ ಈ ಕೆಲಸ ಹೇಗೂ ತಪ್ಪುವುದಿಲ್ಲ.

ಇದಕ್ಕಿಂತ ಮುಖ್ಯ ಪೈಪಿನ ಒಳಗಿನ ತುಕ್ಕು. ತುದಿಗಳನ್ನು ಮುಚ್ಚಿಸಿ, ಆದರೆ ಪ್ರತಿ ಪೈಪಿನ ಅತಿ ತಗ್ಗಿನ ಜಾಗದಲ್ಲಿ ಕೆಳಮುಖವಾಗಿ 8 ಮಿ.ಮೀ. ತೂತು ಬೇಕು. ತೋಡು ದಾಟುವ ಗಾಡಿ ನಿಮ್ಮದು, ನೀರು ಒಳಗೆ ಹೋಗಿಯೇ ಹೋಗ್ತದೆ. ಹೊರಗೆ ಬರಲು ದಾರಿ ಇರಲಿ. ಆ ತೂತಿನಿಂದಲೇ ಒಳಗೆ ವ್ಯಾಕ್ಸ್ ಸ್ಪ್ರೇ ಹೊಡೆಯಿರಿ. ಇನ್ನೊಂದು, ಬೆಂಡರ್ ಇಲ್ಲದ ಕೆಲವರು ಪೈಪಿಗೆ ಮರಳು ತುಂಬಿಸಿ ಕಾಯಿಸಿ ಬಗ್ಗಿಸ್ತಾರೆ. ಒದ್ದೆ ಮರಳಾದರೆ ಹಬೆಯ ಒತ್ತಡಕ್ಕೆ ಮುಚ್ಚಿದ ತುದಿ ಸಿಡಿದು ಹಾರಬಹುದು. ಸಮುದ್ರದ ಮರಳಾದರೆ ಒಳಗೆ ಉಪ್ಪು ಬಿಟ್ಟು ಹೋಗ್ತದೆ. ಹೈಡ್ರಾಲಿಕ್ ಬೆಂಡರ್ ಇರುವ ಶೆಡ್ಡಿಗೇ ಹೋಗಿ.

ಆರ್ಕ್ ವೆಲ್ಡಿಂಗ್ ಆದರೆ, ಮಳೆಗಾಲದಲ್ಲಿ 7018 ನಂಬರಿನ ವೆಲ್ಡಿಂಗ್ ರಾಡು ತೆರೆದ ಪೊಟ್ಟಣದಿಂದ ತೆಗೆಯುವುದು ಕಂಡರೆ ಬೇಡ ಅನ್ನಿ. ಅದು ಗಾಳಿಯ ತೇವ ಹೀರಿಕೊಂಡಿರ್ತದೆ, ಓವನ್‌ನಲ್ಲಿ ಕಾಯಿಸದೆ ಉಪಯೋಗಿಸಬಾರದು. ಈ ದಪ್ಪಕ್ಕೆ ಸಿಒಟೂ (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ) ವೆಲ್ಡಿಂಗ್ ಸಾಕು.

ಥಾರ್_ಮಣಿಪಾಲ:

ಸೀಮು ಬದಿಗೆ ಇಡುವುದು ಗೊತ್ತಿರಲಿಲ್ಲ, ಒಪ್ಪಿದೆ. ಆದರೂ ಸಿಡಿಡಬ್ಲ್ಯೂ ಸಿಕ್ಕಿದರೆ ನಾನು ಅದನ್ನೇ ಹಾಕುವುದು 😄 ಪೊಲೀಸರದ್ದು ಏನು ಕಥೆ? ಬುಲ್ ಬಾರ್‌ಗೆ ಹಿಡೀತಾರಲ್ಲ.

ಬೈಕಂಪಾಡಿ_ಶೆಡ್:

ಸಿಕ್ಕಿದರೆ ಹಾಕಿ, ಯಾರು ಬೇಡ ಅಂದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರದ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದದ್ದು ಮುಂದಿನ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಬಗ್ಗೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡಿ. ಆ ಸೆಕ್ಷನ್ ಗಾಡಿ ಬದಲಾಯಿಸುವುದಕ್ಕೆಲ್ಲ ಸಂಬಂಧಪಟ್ಟದ್ದು. ಅಕ್ಕ ಹೇಳಿದ ಹಾಗೆ ಟೈರಿನ ಸಾಲಿನೊಳಗೆ ಇಟ್ಟು, ಚಾಸಿಸ್‌ಗೆ ವೆಲ್ಡ್ ಮಾಡದೆ ಬೋಲ್ಟ್ ಮಾಡಿದರೆ ಬೇಕಾದಾಗ ಬಿಚ್ಚಿ ಇಡಬಹುದು. ಕೆಲಸ ಶುರು ಮಾಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ, ಇನ್ಶೂರೆನ್ಸಿನವರಲ್ಲಿ ಒಂದು ಮಾತು ಕೇಳಿಡಿ.

ಹೆಬ್ರಿಯವರೇ, ಯಾರ ಹತ್ತಿರ ಮಾಡಿಸಿದರೂ ಮೊದಲ ಸಲ ತೋಡು ದಾಟಿ ಬಂದ ಮೇಲೆ ಎಲ್ಲ ಬೋಲ್ಟಿಗೂ ಸ್ಪ್ಯಾನರ್ ಹಾಕಿ. ಪ್ಲೇಟಿನ ಅಡಿಯ ಬಣ್ಣ ಒತ್ತಿಕೊಂಡು ಸ್ವಲ್ಪ ಸಡಿಲ ಆಗಿರ್ತದೆ.

ಕುಂದಾಪುರ_ಡಸ್ಟರ್:

ನನ್ನ ಡಸ್ಟರ್‌ಗೂ ಇದೇ ಅಳತೆ ಆಗ್ತದಾ?

ಬೈಕಂಪಾಡಿ_ಶೆಡ್:

ಇಲ್ಲ. ಡಸ್ಟರಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಕಾಲು ಕೂರಿಸುವ ಜಾಗವೇ ಬೇರೆ, ಲೆಕ್ಕವೂ ಬೇರೆ. ಅಡಿಯ ಫೋಟೋ ಹಾಕಿ, ನೋಡುವ.