ದುರಸ್ತಿ ಬೇಕಾದ ಹಳೆಯ ಸರ್ಫೇಸ್ ಪ್ಲೇನರ್ ಕೊಳ್ಳಬಹುದೇ?

ಪ್ರಶ್ನೆ

ಬಿಡುವಿನ ವೇಳೆಯಲ್ಲಿ ಮರಗೆಲಸ ಮಾಡುವ ನಾನು ಇದುವರೆಗೆ ಕೈ ಉಜ್ಜುಗೊರಡಿನಿಂದಲೇ ಹಲಗೆಗಳನ್ನು ಸಮ ಮಾಡಿಕೊಳ್ಳುತ್ತಿದ್ದೆ. ಈಗ ಮುಚ್ಚಿಹೋದ ಕಾರ್ಖಾನೆಯೊಂದರ ಸರ್ಫೇಸ್ ಪ್ಲೇನರ್ (ತಿರುಗುವ ಬ್ಲೇಡುಗಳಿಂದ ಹಲಗೆಯ ಮುಖವನ್ನು ಸಮ ಮಾಡುವ ಯಂತ್ರ), ಹೊಸದರ ಕಾಲುಭಾಗದ ಬೆಲೆಗೆ ಸಿಗುವಂತಿದೆ. ಟೇಬಲ್‌ಗಳ ಮೇಲೆ ತುಕ್ಕು ಹಿಡಿದಿದೆ. ಬ್ಲೇಡುಗಳನ್ನು ಹಿಡಿದು ತಿರುಗುವ ಕಟರ್ ಬ್ಲಾಕನ್ನು ಕೈಯಿಂದ ತಿರುಗಿಸಿದರೆ ಬೇರಿಂಗ್ ಗರಗರ ಎನ್ನುತ್ತದೆ. ಮುಂದಿನ ಟೇಬಲನ್ನು ಏರಿಳಿಸುವ ಚಕ್ರ ಅಲ್ಲಾಡುವುದೇ ಇಲ್ಲ. ಬ್ಲೇಡಿನ ಮೇಲಿನ ಗಾರ್ಡ್ ಕಳೆದುಹೋಗಿದೆ. ಮೋಟಾರ್ ತ್ರೀ ಫೇಸಿನದು, ನನ್ನಲ್ಲಿರುವುದು ಸಿಂಗಲ್ ಫೇಸ್ ಸಂಪರ್ಕ. ಅಲ್ಲಿ ವಿದ್ಯುತ್ ಕಡಿತವಾಗಿರುವುದರಿಂದ ಯಂತ್ರವನ್ನು ಓಡಿಸಿ ತೋರಿಸಲು ಮಾರುವವರಿಗೆ ಸಾಧ್ಯವಿಲ್ಲ. ಇವುಗಳಲ್ಲಿ ಯಾವುದು ಸಣ್ಣ ದೋಷ, ಯಾವುದನ್ನು ಕಂಡರೆ ವ್ಯವಹಾರವನ್ನೇ ಕೈಬಿಡಬೇಕು ಎಂದು ಅನುಭವಿಗಳು ತಿಳಿಸಬೇಕಾಗಿ ಕೋರುತ್ತೇನೆ.

ಮೊದಲ ಉತ್ತರ

ಈ ಯಂತ್ರದಲ್ಲಿ ನೀವು ನಿಜವಾಗಿ ಕೊಳ್ಳುವುದು ಎರಕದ ಕಬ್ಬಿಣ ಮತ್ತು ಕಟರ್ ಬ್ಲಾಕ್, ಎರಡನ್ನೇ. ಬೇರಿಂಗ್, ಬೆಲ್ಟ್, ಬ್ಲೇಡುಗಳು ಹೇಗೂ ಸವೆದು ಬದಲಾಗುವಂಥವು. ಬೇರಿಂಗಿನ ಪಕ್ಕದಲ್ಲಿ ಸಂಖ್ಯೆ ಕೆತ್ತಿರುತ್ತದೆ. ಉದಾಹರಣೆಗೆ 6205 ಎಂದಿದ್ದರೆ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿ.ಮೀ. ಎಂದರ್ಥ, ಯಾವ ತಯಾರಕರದಾದರೂ ಸರಿಹೊಂದುತ್ತದೆ. ಆದರೆ ಕೆಟ್ಟ ಬೇರಿಂಗಿನಲ್ಲಿಯೇ ಬಹುಕಾಲ ಓಡಿಸಿ ಶಾಫ್ಟ್ ಸವೆದಿದ್ದರೆ ಹೊಸ ಬೇರಿಂಗ್ ಅಲ್ಲಿ ಬಿಗಿಯಾಗಿ ಕೂರುವುದಿಲ್ಲ. ಕಟರ್ ಬ್ಲಾಕನ್ನು ಮೇಲಕ್ಕೂ ಕೆಳಕ್ಕೂ ಒತ್ತಿ ಆಟ (ಸಡಿಲ) ಎಷ್ಟಿದೆ ಎಂದು ನೋಡಿ, ಸಾಧ್ಯವಾದರೆ ಒಂದು ಕಡೆಯ ಬೇರಿಂಗ್ ಮುಚ್ಚಳವನ್ನು ಬಿಚ್ಚಿಸಿ.

ಎರಡೂ ಟೇಬಲ್‌ಗಳನ್ನು ಆವರಿಸುವಷ್ಟು ಉದ್ದದ ನೇರಪಟ್ಟಿಯನ್ನು ಉದ್ದಕ್ಕೂ ಕರ್ಣಕ್ಕೂ ಇಟ್ಟು, ಅದರ ಅಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ಪರೀಕ್ಷಿಸುವುದು ಎಲ್ಲಕ್ಕಿಂತ ಮುಖ್ಯ. ಟೇಬಲಿನ ತುದಿ ಜೋತಿದ್ದರೆ ಅದು ಜಾರುವ ಹಳಿಯಲ್ಲಿ ತೆಳು ತಗಡು ಕೊಟ್ಟು ಸರಿಪಡಿಸಬಹುದು. ಟೇಬಲೇ ತಿರುಚಿಕೊಂಡಿದ್ದರೆ ಗ್ರೈಂಡಿಂಗ್ ಮಾಡಿಸದೆ ಬೇರೆ ದಾರಿಯಿಲ್ಲ, ಆ ಖರ್ಚಿನಲ್ಲಿ ನಿಮ್ಮ ಉಳಿತಾಯವೆಲ್ಲ ಕರಗಿಹೋಗುತ್ತದೆ.

ಬಿರುಕನ್ನು ಹುಡುಕಲು ಹಳೆಯ ಉಪಾಯವೊಂದಿದೆ. ಅನುಮಾನವಿರುವ ಕಡೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ಉಜ್ಜಿದರೆ, ಬಿರುಕಿನೊಳಗೆ ಉಳಿದ ಎಣ್ಣೆ ಜಿನುಗಿ ಬಿಳಿಯ ಮೇಲೆ ಕಪ್ಪಗೆರೆಯಾಗಿ ಕಾಣುತ್ತದೆ. ಬೋಲ್ಟುಗಳ ಸುತ್ತ ಮತ್ತು ಟೇಬಲಿನ ಅಡಿಯ ಪಕ್ಕೆಗಳ ಮೇಲೆ ಇದನ್ನು ಮಾಡಿ ನೋಡಿ. ತುಕ್ಕಿಗಿಂತ ಹೊಸದಾಗಿ ಬಳಿದ ಬಣ್ಣದ ಮೇಲೆಯೇ ನನಗೆ ಹೆಚ್ಚು ಅನುಮಾನ.

ಎರಡನೆಯ ಉತ್ತರ

ಮೋಟಾರಿನ ನಾಮಫಲಕವನ್ನು ಓದದೆ ಮುಂಗಡ ಕೊಡಬೇಡಿ. ಸಿಂಗಲ್ ಫೇಸಿನಿಂದ ತ್ರೀ ಫೇಸ್ ಕೊಡುವ ವಿಎಫ್‌ಡಿ ಸಾಧನಗಳು ಸಿಗುತ್ತವೆ. ಆದರೆ 230 ವೋಲ್ಟ್ ಪಡೆಯುವ ಸಾಮಾನ್ಯ ವಿಎಫ್‌ಡಿ ಹೊರಗೆ ಕೊಡುವುದೂ ಗರಿಷ್ಠ 230 ವೋಲ್ಟನ್ನೇ. ಆದ್ದರಿಂದ ಫಲಕದಲ್ಲಿ 230/400 ಎಂದಿದ್ದು, ಒಳತಂತಿಗಳನ್ನು ಡೆಲ್ಟಾ (ತ್ರಿಕೋನ) ಜೋಡಣೆಗೆ ಬದಲಾಯಿಸಲು ಬರುವಂತಿದ್ದರೆ ಮಾತ್ರ ಈ ದಾರಿ ಸುಲಭ. ಮೋಟಾರನ್ನೇ ಬದಲಾಯಿಸುವುದಾದರೆ ವೇಗವನ್ನು ಮರೆಯಬೇಡಿ: 50 ಹರ್ಟ್ಸ್‌ನಲ್ಲಿ ನಾಲ್ಕು ಪೋಲಿನ (ಕಾಂತಧ್ರುವಗಳ) ಮೋಟಾರ್ ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗಿದರೆ ಎರಡು ಪೋಲಿನದು ಸುಮಾರು 2,880 ಸುತ್ತು ತಿರುಗುತ್ತದೆ. ಪುಲ್ಲಿಯನ್ನು ಹಾಗೆಯೇ ಬಿಟ್ಟು ನಾಲ್ಕು ಪೋಲಿನದರ ಜಾಗಕ್ಕೆ ಎರಡು ಪೋಲಿನದನ್ನು ಹಾಕಿದರೆ ಕಟರ್ ಬ್ಲಾಕಿನ ವೇಗ ದ್ವಿಗುಣವಾಗಿ ಅಪಾಯಕ್ಕೆ ದಾರಿಯಾದೀತು.

ಬಹುಕಾಲ ತೇವದಲ್ಲಿ ನಿಂತ ಮೋಟಾರಿಗೆ ನೇರವಾಗಿ ವಿದ್ಯುತ್ ಕೊಡುವ ಮೊದಲು ಮೆಗ್ಗರ್ ಎಂಬ ಉಪಕರಣದಿಂದ ವೈಂಡಿಂಗಿನ (ಸುರುಳಿತಂತಿಗಳ) ಇನ್ಸುಲೇಶನ್ ಪರೀಕ್ಷೆ ಮಾಡಿಸಿ. ಇದಕ್ಕೆ ಯಂತ್ರ ಓಡಬೇಕಾಗಿಲ್ಲವಾದ್ದರಿಂದ, ಮಾರುವವರ ಸ್ಥಳದಲ್ಲಿಯೇ ಇದು ಸಾಧ್ಯ.

ಮೂರನೆಯ ಉತ್ತರ

ಕಟರ್ ಬ್ಲಾಕ್ ದುಂಡಾಗಿದೆಯೋ ಚೌಕವಾಗಿದೆಯೋ ಎಂದು ಯಾರೂ ಕೇಳಲಿಲ್ಲವಲ್ಲ! ಬಹಳ ಹಳೆಯ ಯಂತ್ರಗಳಲ್ಲಿ ಚೌಕ ಬ್ಲಾಕುಗಳಿರುತ್ತಿದ್ದವು; ಅವುಗಳ ಮುಖಗಳ ಮುಂದೆ ಖಾಲಿ ಜಾಗ ಹೆಚ್ಚಿರುವುದರಿಂದ ಬೆರಳು ತಗುಲಿದರೆ ಆಳಕ್ಕೆ ಎಳೆದುಕೊಳ್ಳುತ್ತವೆ. ಚೌಕವಾಗಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬೇಡ. ಗಾರ್ಡನ್ನು ಹೊಸದಾಗಿ ಮಾಡಿಸಬಹುದು, ಆದರೆ ಅದನ್ನು ಅಳವಡಿಸದೆ ಒಂದು ಹಲಗೆಯನ್ನೂ ತಳ್ಳಬಾರದು. ಇದೇ ತಿಂಗಳು ಮುಗಿಸಿಕೊಡಬೇಕಾದ ಕೆಲಸ ನಿಮ್ಮ ಕೈಯಲ್ಲಿದ್ದರೆ ಓಡುವ ಯಂತ್ರವನ್ನೇ ಕೊಳ್ಳಿ. ದುರಸ್ತಿ ನಾವು ಲೆಕ್ಕ ಹಾಕಿದ ದಿನಕ್ಕೆ ಮುಗಿಯುವುದು ಅಪರೂಪ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಛಾಯಾಚಿತ್ರಗಳನ್ನು ಮತ್ತೆ ನೋಡಿದೆ: ಬ್ಲಾಕ್ ದುಂಡಾಗಿದೆ, ನಾಮಫಲಕದಲ್ಲಿ 230/400 ಎಂದಿದೆ. ಅವಸರದ ಕೆಲಸವೇನೂ ಇಲ್ಲ. ಆದರೆ ಮುಂದಿನ ಟೇಬಲಿನ ಹೊರಮೂಲೆಯಲ್ಲಿ ಹೆಬ್ಬೆರಳಗಲದ ಚೂರು ಒಡೆದುಹೋಗಿದೆ. ಸಿಕ್ಕಿಕೊಂಡ ಚಕ್ರಕ್ಕೆ ಏನು ಮಾಡಬೇಕು?

ಮೊದಲ ಉತ್ತರ ಬರೆದವರು

ಹೊರಮೂಲೆಯ ಚೂರಿನಿಂದ ಕೆಲಸಕ್ಕೆ ತೊಂದರೆಯಿಲ್ಲ, ಅದನ್ನು ಬೆಲೆ ಇಳಿಸಲು ಬಳಸಿಕೊಳ್ಳಿ. ಬಿರುಕು ಅಲ್ಲಿಂದ ಒಳಕ್ಕೆ ಸಾಗಿಲ್ಲವೆಂದು ಮಾತ್ರ ಖಚಿತಪಡಿಸಿಕೊಳ್ಳಬೇಕು. ಚಕ್ರ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಗಟ್ಟಿಯಾದ ಗ್ರೀಸಿಗೆ ಮರದ ಹುಡಿ ಮೆತ್ತಿಕೊಂಡಾಗ. ಮೊದಲು ಟೇಬಲಿನ ಬಿಗಿತಿರುಪುಗಳು ಸಡಿಲವಾಗಿವೆಯೇ ನೋಡಿ, ಬಳಿಕ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ಬಿಡಿ; ಸುತ್ತಿಗೆಯಿಂದ ಹೊಡೆದರೆ ಎರಕದ ಚಕ್ರ ತುಂಡಾಗುತ್ತದೆ. ಸಾಗಿಸುವಾಗ ಟೇಬಲಿನ ತುದಿಗಳನ್ನು ಹಿಡಿದು ಎತ್ತಲು ಯಾರಿಗೂ ಬಿಡಬೇಡಿ, ಹಗ್ಗವೇನಿದ್ದರೂ ಕೆಳಗಿನ ಒಡಲಿಗೇ ಬೀಳಬೇಕು. ನೇರಪಟ್ಟಿ ಇಟ್ಟು ನೋಡಲು ಮಾರುವವರು ಒಪ್ಪದಿದ್ದರೆ ಮಾತು ಮುಂದುವರಿಸಬೇಡಿ.